ಹಳೇ ಫೋಟೋದಲ್ಲಿ ಹಿಂದಿನ ಗೋಡೆಯನ್ನೂ ನೋಡಿ

ಜಗಳೂರಿನ ಒಂದು ಹಳೇ ಮನೆ. ಪಡಸಾಲೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ ಕಟ್ಟು ಹಾಕಿಸಿದ ಒಂದು ಶಾಲೆಯ ಗ್ರೂಪ್ ಫೋಟೋ. ಅಜ್ಜಿ ಅದನ್ನು ಇಳಿಸಿ, ಸೆರಗಿನಿಂದ ಒರೆಸಿ ನಮ್ಮ ಕೈಗೆ ಕೊಟ್ಟರು. ಮೂರನೇ ಸಾಲಿನಲ್ಲಿ ನಿಂತಿರುವ ಸಣಕಲು ಹುಡುಗ ಅವರ ಯಜಮಾನರು. ಉಳಿದವರು ಯಾರು ಅಂತ ಕೇಳಿದೆವು. ‘ಅವರು ಇದ್ದಾಗ ಬಂದು ಕೇಳಬೇಕಿತ್ತು ಕಣಪ್ಪ’ ಅಂದರು.

ಫೋಟೋ ಯಾವ ವರ್ಷದ್ದು ಅನ್ನೋದೂ ಅವರಿಗೆ ಗೊತ್ತಿಲ್ಲ. ಆದರೆ ಮಕ್ಕಳ ಮುಂದೆ ಇಟ್ಟಿದ್ದ ಕರಿ ಹಲಗೆಯಲ್ಲಿ ಶಾಲೆಯ ಹೆಸರಿನ ಕೆಳಗೆ ‘ಚಿತ್ರದುರ್ಗ ಜಿಲ್ಲೆ, ಮೈಸೂರು ರಾಜ್ಯ’ ಎಂದು ಬರೆದಿತ್ತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಂದರೆ ಫೋಟೋ ಅದಕ್ಕಿಂತ ಹಿಂದಿನದು. ಬರೀ ‘ಚಿತ್ರದುರ್ಗ ಜಿಲ್ಲೆ’ ಅಂತಿದ್ದರೆ 1997ರ ತನಕ ಯಾವಾಗಿನದಾದರೂ ಆಗಬಹುದಿತ್ತು. ನಮ್ಮ ತಾಲ್ಲೂಕು ದಾವಣಗೆರೆ ಜಿಲ್ಲೆಗೆ ಸೇರಿದ್ದು ಆ ವರ್ಷದ ಆಗಸ್ಟ್ 15ಕ್ಕೆ.

ಹೀಗೆ ಮುಖಗಳನ್ನು ಬಿಟ್ಟು ಹಿಂದೆ ಮುಂದೆ ನೋಡುತ್ತಾ ಹೋದರೆ ವರ್ಷ ತಾನಾಗಿಯೇ ಸಿಗುತ್ತದೆ. ಅಂಗಡಿಯ ಬೋರ್ಡಿನಲ್ಲಿ ‘ನಯಾ ಪೈಸೆ’ ಅಂತಿದ್ದರೆ ಹೆಚ್ಚುಕಡಿಮೆ 1957ರಿಂದ 1964ರ ಒಳಗಿನದು. ಗೋಡೆ ಮೇಲೆ ‘ಬಂಗಾರದ ಮನುಷ್ಯ’ದ ಪೋಸ್ಟರ್ ಇದ್ದರೆ 1972ಕ್ಕಿಂತ ಹಿಂದಿನದಂತೂ ಅಲ್ಲ. ಹಾಗಂತ 1972ರದ್ದೇ ಅನ್ನುವ ಹಾಗೂ ಇಲ್ಲ. ಟೆಂಟ್ ಟಾಕೀಸಿಗೆ ಸಿನಿಮಾ ತಡವಾಗಿ ಬರುತ್ತಿತ್ತು, ಒಂದೇ ಸಿನಿಮಾ ಮತ್ತೆ ಮತ್ತೆ ಬರುತ್ತಿತ್ತು.

ಫೋಟೋದಿಂದ ಇನ್ನೂ ದೊಡ್ಡ ಸಂಗತಿ ತಿಳಿದದ್ದಕ್ಕೆ ನಮ್ಮ ಪಕ್ಕದ ಕೂಡ್ಲಿಗಿ ದಾಟಿ ಹಂಪಿಗೆ ಹೋಗಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಅಲ್ಲಿ ಕ್ಯಾಮೆರಾ ಹೂಡಿದ್ದ. ಫಿಲ್ಮ್ ಇನ್ನೂ ಹುಟ್ಟಿರಲಿಲ್ಲ. ಮೇಣ ಹಚ್ಚಿದ ದೊಡ್ಡ ಕಾಗದಗಳೇ ಅವನ ನೆಗೆಟಿವ್. ನಿಮ್ಮ ಜೇಬಿನಲ್ಲಿ ಹೊಸ 50 ರೂಪಾಯಿ ನೋಟು ಇದ್ದರೆ ತಿರುಗಿಸಿ ನೋಡಿ, ಹಂಪಿಯ ಕಲ್ಲಿನ ರಥ ಇದೆ. ಮೇಲ್ಗಡೆ ಬೋಳು. ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಈಗ ಹಂಪಿಗೆ ಹೋದರೆ ಅದು ಕಾಣುವುದಿಲ್ಲ. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಹೋಯಿತು ಅನ್ನೋದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಜಗಳೂರಿನಲ್ಲಿ ಈ ಕೆಲಸ ಮೊದಲು ಆಗಬೇಕಾದ್ದು ಕೆರೆಗಳಿಗೆ. ನಮ್ಮದು ಬರದ ಸೀಮೆ. ಈಗ 57 ಕೆರೆ ತುಂಬಿಸುವ ಯೋಜನೆಯಲ್ಲಿ ತುಂಗಭದ್ರೆಯ ನೀರಿನ ಮಾತು ಎಲ್ಲರ ಬಾಯಲ್ಲೂ ಇದೆ. ಕೆರೆ ವರ್ಷಾನುಗಟ್ಟಲೆ ಒಣಗಿದ್ದಾಗ ಅಂಗಳ ಎಲ್ಲಿಯ ತನಕ ಇತ್ತು, ಕೋಡಿ ನೀರು ಯಾವ ದಾರಿ ಹಿಡಿಯುತ್ತಿತ್ತು ಅನ್ನೋದು ಹುಡುಗರಿಗೆ ಮರೆತೇಹೋಗುತ್ತದೆ. ಗಂಗೆ ಪೂಜೆಗೆ ಹೋದಾಗಲೋ, ಹೊಸ ಮದುಮಕ್ಕಳನ್ನು ಏರಿ ಮೇಲೆ ನಿಲ್ಲಿಸಿಯೋ ತೆಗೆದ ಫೋಟೋ ನಿಮ್ಮ ಮನೆಯ ಆಲ್ಬಮ್‌ನಲ್ಲಿ ಇರಬಹುದು. ಮದುಮಕ್ಕಳ ಹಿಂದೆ ನೀರಿನ ಅಂಚು ಕಾಣುತ್ತದೆ, ತೂಬು ಕಾಣುತ್ತದೆ. ಅದೊಂದೇ ಸಾಕ್ಷಿ ಆಗಲಿಕ್ಕಿಲ್ಲ. ಗ್ರಾಮ ನಕಾಶೆಯ ಪಕ್ಕ ಇಟ್ಟರೆ ಒತ್ತುವರಿ ಬಗ್ಗೆ ಕೇಳಲು ಒಂದು ಆಧಾರವಂತೂ ಆಗುತ್ತದೆ.

ಇನ್ನೊಂದು ಮಾತು. ಹಳೇ ಫೋಟೋಗಳಲ್ಲಿ ಎಲ್ಲರೂ ಇಲ್ಲ. 1957 ಮತ್ತು 1967ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದ ಜೆ. ಮಹಮದ್ ಇಮಾಂ ಅವರಂಥವರ ಹೆಸರು ದಾಖಲೆಯಲ್ಲಿ ಸಿಗುತ್ತದೆ. ಗ್ರೂಪ್ ಫೋಟೋಗಳಲ್ಲಿ ಕುರ್ಚಿ ಮೇಲೆ ಕೂತವರ ಹೆಸರು ಕೆಳಗೆ ಅಚ್ಚಾಗಿರುತ್ತದೆ. ಹಿಂದೆ ನಿಂತವರದ್ದು ಇರುವುದಿಲ್ಲ. ಹೆಣ್ಣುಮಕ್ಕಳು, ಕೂಲಿಯವರು, ಕೇರಿಯವರು ಚೌಕಟ್ಟಿನ ಹೊರಗೇ. ನಮ್ಮಲ್ಲೊಬ್ಬರ ಅಜ್ಜಿ ಒಬ್ಬರೇ ಕೂತು ತೆಗೆಸಿಕೊಂಡ ಮೊದಲ ಫೋಟೋ ಮತದಾರರ ಗುರುತಿನ ಚೀಟಿಯದ್ದು. ಅವರು ತೀರಿಕೊಂಡಾಗ ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು.

ಗಾಜಿಗೆ ಅಂಟಿಕೊಂಡ ಫೋಟೋವನ್ನು ಕಿತ್ತು ತೆಗೆಯಬೇಡಿ, ಬಣ್ಣವೇ ಎದ್ದು ಬರುತ್ತದೆ. ನೆರಳಲ್ಲಿಟ್ಟು, ಫ್ಲ್ಯಾಶ್ ಆರಿಸಿ, ಕಟ್ಟಿನ ಸಮೇತ ಮೊಬೈಲಿನಲ್ಲಿ ತೆಗೆಯಿರಿ. ಅಂಚು ಕತ್ತರಿಸಬೇಡಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಸುಕಾಗುವುದಿಲ್ಲ. ಬಿಡಿ ಫೋಟೋ ಆದರೆ ಹಿಂಬದಿಗೆ ಪೆನ್ಸಿಲಿನಲ್ಲಿ, ಒತ್ತದೆ, ಹೆಸರು ಬರೆಯಿರಿ. ಬಾಲ್ ಪೆನ್ ಬೇಡ.

ಅಜ್ಜಿಯ ಮನೆಯ ಗ್ರೂಪ್ ಫೋಟೋವನ್ನೂ ಹೀಗೇ ತೆಗೆದುಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಹಿರಿಯರಿಗೆ ತೋರಿಸಿದೆವು. ಸಂಜೆಯೊಳಗೆ ಐದು ಹೆಸರು ಸಿಕ್ಕವು. ಎರಡನೇ ಸಾಲಿನ ಟೋಪಿ ಹುಡುಗ ಯಾರು ಅನ್ನೋದರ ಬಗ್ಗೆ ಮಾತ್ರ ಇಬ್ಬರು ಅಜ್ಜಂದಿರ ವಾದ ಮುಗಿದಿಲ್ಲ. ಇಬ್ಬರೂ ‘ಅದು ನಾನೇ’ ಅನ್ನುತ್ತಿದ್ದಾರೆ.