ಮನೆ ಬಾಗಿಲಿಗೆ ಬಂದ ಆರೈಕೆ



ವೃದ್ಧರಾದ ತಾಯಿತಂದೆಯರನ್ನು ಅನ್ಯರ ಕೈಗೊಪ್ಪಿಸುವುದೆಂದರೆ ನಮ್ಮವರಲ್ಲಿ ಇಂದಿಗೂ ಅಳುಕು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಈ ಮಹಾನಗರಕ್ಕೆ ಬಂದು ನೆಲೆಸಿದ ನಮ್ಮ ಹಿರಿಯರು ಈಗ ಆರೈಕೆ ಬಯಸುವ ವಯಸ್ಸಿನಲ್ಲಿದ್ದಾರೆ. ಮಗನೂ ಸೊಸೆಯೂ ದುಡಿಯುವ ಮನೆಯಲ್ಲಿ ಹಗಲು ಹೊತ್ತು ಅವರ ಬಳಿ ಯಾರಿರಬೇಕು? ಉತ್ತರಕ್ಕೆ ಮುನ್ನ, ಈ ನಾಡಿನಲ್ಲಿ ಮನೆಯ ಆರೈಕೆ ಬೆಳೆದು ಬಂದ ದಾರಿಯನ್ನು ಅವಲೋಕಿಸುವುದು ಉಚಿತವೆಂದು ಭಾವಿಸುತ್ತೇವೆ.

ಅಳುಕು ನಮ್ಮದು ಮಾತ್ರವಲ್ಲ. 1834ರ ಬಡವರ ಕಾನೂನಿನ ಬಳಿಕ ನಿರ್ಗತಿಕ ವೃದ್ಧರಿಗೆ ವರ್ಕ್‌ಹೌಸೇ ಗತಿಯಾಗಿ, ಆ ಹೆಸರು ಕೇಳಿದರೇ ಇಂಗ್ಲಿಷ್ ಮುದುಕರು ನಡುಗುತ್ತಿದ್ದರು. ಇದಕ್ಕೆ ಪ್ರತಿಯಾಗಿ ಸೇವೆಯನ್ನು ಮನೆಗೇ ಒಯ್ಯುವ ಯತ್ನಗಳೂ ನಡೆದವು. 1874ರಲ್ಲಿ ಲಂಡನ್ನಿನಲ್ಲಿ ಬಡ ರೋಗಿಗಳ ಮನೆಗೆ ತರಬೇತಾದ ದಾದಿಯರನ್ನು ಕಳಿಸುವ ಸಂಘವೊಂದು ಸ್ಥಾಪಿತವಾಯಿತು. 1918ರ ಕಾಯಿದೆ ಬಾಣಂತಿಯರಿಗಾಗಿ ‘ಹೋಮ್ ಹೆಲ್ಪ್’ ಒದಗಿಸಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶವಿತ್ತಿತು. ಬಾಣಂತನಕ್ಕೆ ಹುಟ್ಟಿದ ಈ ನೆರವೇ ಮುಂದೆ ಮುದುಕರ ಮನೆ ಹೊಕ್ಕಿತೆಂಬುದು ಸ್ವಾರಸ್ಯಕರ. 1948ರ ಜುಲೈ 5ರಂದು ಬಡವರ ಕಾನೂನು ಕೊನೆಗೊಂಡಿತು. 1968ರ ಕಾಯಿದೆಯು ಗೃಹಸಹಾಯವನ್ನು ಕೌನ್ಸಿಲುಗಳ ಕರ್ತವ್ಯವನ್ನಾಗಿಸಿತು.

ದೊಡ್ಡ ತಿರುವು ಬಂದುದು 1990ರ ಕಾಯಿದೆಯಿಂದ. ಅದು 1993ರ ಏಪ್ರಿಲಿನಲ್ಲಿ ಪೂರ್ಣವಾಗಿ ಜಾರಿಯಾದಾಗ, ಸರ್ಕಾರ ಕೊಟ್ಟ ವಿಶೇಷ ಅನುದಾನದ ಶೇಕಡಾ 85ರಷ್ಟನ್ನು ಖಾಸಗಿ ಹಾಗೂ ಸ್ವಯಂಸೇವಾ ವಲಯದಲ್ಲಿಯೇ ವ್ಯಯಿಸಬೇಕೆಂಬ ಷರತ್ತಿತ್ತು. ಸೇವೆ ನೀಡುತ್ತಿದ್ದ ಕೌನ್ಸಿಲು ಕ್ರಮೇಣ ಸೇವೆಯನ್ನು ಕೊಳ್ಳುವ ಕೌನ್ಸಿಲಾಯಿತು, ಏಜೆನ್ಸಿಗಳು ಹೆಚ್ಚಿದವು. ಅವುಗಳ ನೋಂದಣಿ ಕಡ್ಡಾಯವಾದದ್ದು ಮಾತ್ರ 2000ದ ಕಾಯಿದೆಯ ತರುವಾಯವೇ. 2009ರಿಂದ ಈ ಹೊಣೆ ಕೇರ್ ಕ್ವಾಲಿಟಿ ಕಮಿಷನ್ನಿನದು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ಆಯ್ಕೆಯ ಹೊಣೆ ಈಗ ಬಹುಮಟ್ಟಿಗೆ ಕುಟುಂಬದ ಮೇಲಿದೆ. 2014ರ ಕಾಯಿದೆಯಂತೆ, ಆಸ್ತಿ ಎಷ್ಟೇ ಇರಲಿ, ಅಗತ್ಯಗಳ ಪರಿಶೀಲನೆಯನ್ನು ಕೌನ್ಸಿಲಿನಿಂದ ಪಡೆಯಬಹುದು. ನೋಡಿಕೊಳ್ಳುವ ಸೊಸೆಗೋ ಮಗಳಿಗೋ ಪ್ರತ್ಯೇಕ ಪರಿಶೀಲನೆಯುಂಟು. ಉಳಿತಾಯ 23,250 ಪೌಂಡು ಮೀರಿದರೆ ವೆಚ್ಚ ಸಾಮಾನ್ಯವಾಗಿ ನಮ್ಮದೇ. ಆದರೆ ಮನೆಯಲ್ಲಿಯೇ ಆರೈಕೆ ಪಡೆಯುವಾಗ ವಾಸದ ಮನೆಯ ಬೆಲೆ ಲೆಕ್ಕಕ್ಕಿಲ್ಲ. ಕಮಿಷನ್ನಿನ ತನಿಖಾ ವರದಿಯನ್ನು ಓದಿರಿ. ಮೀಯಿಸುವ, ಉಡಿಸುವ ಸೇವೆ ನೀಡುವ ಏಜೆನ್ಸಿಗೆ ನೋಂದಣಿ ಬೇಕು. ಬರಿಯ ಅಡಿಗೆ, ಕಸಮುಸುರೆಗೆ ಬೇಕಿಲ್ಲ. ದಿನವೂ ಅದೇ ವ್ಯಕ್ತಿ ಬರುವರೇ, ಆಕೆ ಬಾರದ ದಿನ ಗತಿಯೇನು, ಒಂದು ಭೇಟಿ ಎಷ್ಟು ನಿಮಿಷದ್ದು ಎಂದು ಸಂಕೋಚವಿಲ್ಲದೆ ಕೇಳಿರಿ.

ಕೊನೆಯ ಮಾತು. ಮರೆವಿನ ಕಾಯಿಲೆಯಲ್ಲಿ ಎಷ್ಟೋ ಜನರು ನಡುವೆ ಕಲಿತ ಇಂಗ್ಲಿಷನ್ನು ಕಳೆದುಕೊಂಡು ತಾಯ್ನುಡಿಗೆ ಮರಳುತ್ತಾರೆ. ನೀರು, ನೋವು, ಹಸಿವು, ಸಾಕು ಎಂಬಂಥ ಹತ್ತು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಆರೈಕೆಯ ಕಡತದಲ್ಲಿ ಸೇರಿಸಿರಿ. ಕೆಲಸವನ್ನು ಪರರಿಗೆ ವಹಿಸಬಹುದು, ಕಾಳಜಿಯನ್ನು ವಹಿಸಲಾಗದು. ಹೀಗೆ ನಡೆದುಕೊಂಡಲ್ಲಿ ಅಳುಕಿಗೆ ಕಾರಣವಿಲ್ಲವೆಂದು ನಾವು ನಂಬಿದ್ದೇವೆ.