ಕಲ್ಲಿದ್ದಲಿಲ್ಲದ ಸೀಮೆಯ ಬೆಂಕಿ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದೊಡನೆ ಕದಂಬರ ಗುಡಿಗಳೂ ನವಾಬರ ಮನೆತನವೂ ನೆನಪಿಗೆ ಬರುತ್ತವೆ. ಆ ಅರಸರ ಅಡುಗೆಯೂ ಅವರ ಪ್ರಜೆಗಳ ಅಡುಗೆಯೂ ಯಾವ ಉರುವಲಿನಿಂದ ಬೆಂದವು ಎಂಬುದಕ್ಕೂ ಒಂದು ಚರಿತ್ರೆಯುಂಟು. ಅದು ಈ ನೆಲದ ಕಲ್ಲಿನಿಂದಲೇ ಮೊದಲಾಗುತ್ತದೆ.

ಈ ಸೀಮೆಯಲ್ಲಿ ಕಲ್ಲಿದ್ದಲು ಇಲ್ಲ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಇಲ್ಲಿಯ ಶಿಲಾಸ್ತರಗಳನ್ನು ಪರಿಶೀಲಿಸಿ ಅವಕ್ಕೆ ಧಾರವಾಡದ ಹೆಸರನ್ನೇ ಕೊಟ್ಟರು. ಅವುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಕ್ಕಿದ್ದು. ಕಲ್ಲಿದ್ದಲಾದರೋ ಗಿಡಮರಗಳು ನೆಲದಡಿ ಹೂತು ಮಾರ್ಪಟ್ಟ ವಸ್ತು. ಭಾರತದ ಕಲ್ಲಿದ್ದಲಿನ ಬಹುಭಾಗಕ್ಕೆ ಸುಮಾರು 25ರಿಂದ 30 ಕೋಟಿ ವರ್ಷ. ಧಾರವಾಡದ ಶಿಲೆಗಳು ಹುಟ್ಟಿದ ಕಾಲಕ್ಕೆ ನೆಲದ ಮೇಲೆ ಒಂದು ಗಿಡವೂ ಇರಲಿಲ್ಲ. ಆದುದರಿಂದ ಇಲ್ಲಿಯ ಒಲೆ ಕಾಡನ್ನೂ ಹೊಲವನ್ನೂ ಕೊಟ್ಟಿಗೆಯನ್ನೂ ನಂಬಿತು. ಹಾನಗಲ್ಲಿನ ಪಡುವಣ ಅಂಚಿನಲ್ಲಿ ಕಟ್ಟಿಗೆ. ಬಯಲಿನ ಕಡೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು.

ರಸಾಯನಶಾಲೆಯಲ್ಲಿ ಕಲ್ಲಿದ್ದಲನ್ನು ನಾಲ್ಕು ಪಾಲು ಮಾಡಿ ನೋಡುತ್ತಾರೆ. ಪುಡಿಯನ್ನು ಸುಮಾರು 105 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದಾಗ ಇಳಿಯುವ ತೂಕ ನೀರಿನದು. ಮುಚ್ಚಿದ ಮೂಸೆಯಲ್ಲಿ 900 ಡಿಗ್ರಿಗೆ ಏರಿಸಿದಾಗ ಹೊರಬೀಳುವುದು ಆವಿಯಾಗುವ ಅಂಶ. ಗಾಳಿಯಲ್ಲಿ ಪೂರ್ತಿ ಸುಟ್ಟ ಮೇಲೆ ಉಳಿಯುವುದು ಬೂದಿ. ಈ ಮೂರನ್ನೂ ನೂರರಲ್ಲಿ ಕಳೆದರೆ ಸಿಗುವುದು ಸ್ಥಿರ ಇಂಗಾಲ. ನಮ್ಮ ತಾಯಂದಿರು ಇದೇ ಪರೀಕ್ಷೆಯನ್ನು ತಕ್ಕಡಿಯಿಲ್ಲದೆ ಮಾಡುತ್ತಿದ್ದರು. ತುದಿಯಲ್ಲಿ ನೊರೆ ಕಾರುವ ಹಸಿ ಕಟ್ಟಿಗೆ ತನ್ನ ನೀರನ್ನು ಕುದಿಸುವುದಕ್ಕೇ ಶಾಖ ಕಳೆದುಕೊಳ್ಳುತ್ತದೆಂದು ಅವರು ಬಲ್ಲರು. ಹತ್ತಿಕಟ್ಟಿಗೆ ಭಗ್ಗನೆ ಉರಿದು ಆರುತ್ತದೆ. ಕುಳ್ಳಿನಲ್ಲಿ ಬೂದಿ ಹೆಚ್ಚು, ಆದರೆ ನಿಧಾನವಾಗಿ ಕನಲುವುದರಿಂದ ಹಾಲು ಕಾಯಿಸಲು ಅದೇ ಮೇಲು.

ಕಮ್ಮಾರನ ಕುಲುಮೆಗೆ ಇದು ಸಾಲದು. ಅವನಿಗೆ ಇದ್ದಲು ಬೇಕು. ಕಟ್ಟಿಗೆಯನ್ನು ಒಟ್ಟಿ, ಮಣ್ಣು ಮುಚ್ಚಿ, ಗಾಳಿ ಬಿಗಿಹಿಡಿದು ಸುಟ್ಟರೆ ನೀರೂ ಹೊಗೆಯೂ ಹೋಗಿ ಇಂಗಾಲ ಉಳಿಯುತ್ತದೆ. ಇದರ ಬೆಲೆ ಅಗ್ಗವಲ್ಲ: ಒಂದು ಕಿಲೋ ಇದ್ದಲಿಗೆ ಐದಾರು ಕಿಲೋ ಕಟ್ಟಿಗೆ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯಿಂದ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೇಲೆ ಹರಿಹರದ ದಾರಿ ಹಿಡಿಯಿತು. ದಕ್ಷಿಣದ ರೈಲುಗಳು ಆರಂಭದಲ್ಲಿ ಕಟ್ಟಿಗೆಯನ್ನೂ ಉರಿಸಿದವು. 1889ರಲ್ಲಿ ಹೈದರಾಬಾದು ಸಂಸ್ಥಾನದ ಯೆಲ್ಲಂದುವಿನಲ್ಲಿ ಸಿಂಗರೇಣಿ ಕಲ್ಲಿದ್ದಲಿನ ಗಣಿ ತೆರೆಯಿತು. ಆದರೂ ಹಿರೇಕೆರೂರಿನ ತೆಂಕಣಕ್ಕೆ, ಭದ್ರಾವತಿಯಲ್ಲಿ, 1923ರ ಜನವರಿಯಲ್ಲಿ ಮೈಸೂರು ಸಂಸ್ಥಾನ ಹೊತ್ತಿಸಿದ ಊದುಕುಲುಮೆ ಇದ್ದಲನ್ನೇ ನಂಬಿತು. ಅಲ್ಲಿ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಮಣ್ಣಿನ ಗೂಡಿನಲ್ಲಿ ವ್ಯರ್ಥವಾಗುವ ಹೊಗೆಯಿಂದ ಟಾರನ್ನೂ ಮೆಥನಾಲನ್ನೂ ಹಿಡಿದರು. ಕಬ್ಬಿಣ ಬಂದಿತು, ಕಾಡೂ ಕರಗಿತು.

ಇನ್ನು ದಹನದ ಲೆಕ್ಕ. 12 ಪಾಲು ಇಂಗಾಲಕ್ಕೆ 32 ಪಾಲು ಆಮ್ಲಜನಕ ಬೇಕು. ಗಾಳಿಯ ತೂಕದಲ್ಲಿ ಆಮ್ಲಜನಕ ನೂರಕ್ಕೆ 23 ಮಾತ್ರ. ಎಂದರೆ ಒಂದು ಕಿಲೋ ಇಂಗಾಲ ಪೂರ್ತಿ ಉರಿಯಲು ಹನ್ನೊಂದೂವರೆ ಕಿಲೋಗೂ ತುಸು ಹೆಚ್ಚು ಗಾಳಿ ಬೇಕು. ಅದು ದೊರೆತರೆ ಸುಮಾರು 8,000 ಕಿಲೋಕ್ಯಾಲೊರಿ ಶಾಖ ಸಿಗುತ್ತದೆ. ಗಾಳಿ ಸಾಲದೆ ಇಂಗಾಲವೆಲ್ಲ ಕಾರ್ಬನ್ ಮಾನಾಕ್ಸೈಡ್ ಆಗಿ ನಿಂತರೆ ದೊರೆಯುವುದು ಸುಮಾರು 2,400 ಮಾತ್ರ. ಉಳಿದ ಶಾಖ ಆ ಅನಿಲದಲ್ಲೇ ಅಡಗಿರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಮ್ಮ ಮೋಟಾರುಗಳ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿ ಓಡಿಸಿದ್ದು ಈ ಅನಿಲದ ಬಲದಿಂದ.

ಬಸ್ಸನ್ನು ಎಳೆದ ಆ ಅನಿಲವೇ ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸುತ್ತದೆ. ಚಳಿಗಾಲದಲ್ಲಿ ಇದ್ದಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಕಿಟಕಿ ಬಾಗಿಲು ಭದ್ರಪಡಿಸಿ ಮಲಗುವವರು ಇದನ್ನು ಮರೆಯಬಾರದು. ಅಡುಗೆಮನೆಯ ಜಂತಿಗೆ ಹತ್ತಿದ ಮಸಿಯೂ ಇದೇ ಲೆಕ್ಕದ ಬಾಕಿ: ಉರಿಯದೆ ಹೋದ ಇಂಗಾಲ. ಅದರ ಒಂದು ಪಾಲು ಜಂತಿಗೆ ಹತ್ತಿದರೆ ಇನ್ನೊಂದು ಪಾಲು ಊದುಗೊಳವೆ ಹಿಡಿದು ಕುಳಿತವಳ ಎದೆಗೆ ಇಳಿಯಿತು. ಕಲ್ಲಿದ್ದಲಿಲ್ಲದ ಸೀಮೆಯ ಬೆಂಕಿಗೆ ಕಾಡು ತೆತ್ತ ಬೆಲೆಯನ್ನು ಚರಿತ್ರೆ ಬರೆದಿಟ್ಟಿದೆ. ಅವಳು ತೆತ್ತ ಬೆಲೆಯನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.