ಕರೆಗೆ ದಾರಿ ತೋರಿಸುವವರು ಯಾರು? ಎಕ್ಸ್‌ಚೇಂಜ್ ಮೇಜಿನಿಂದ ಇಂಟರ್ನೆಟ್ ಸರ್ವರ್‌ವರೆಗೆ

ಫೋನಿನಲ್ಲಿ ಒಂದು ನಂಬರ್ ಒತ್ತಿದಾಗ ಎರಡು ಬೇರೆ ಬೇರೆ ಕೆಲಸ ನಡೆಯುತ್ತವೆ. ಆ ಕಡೆಯವರು ಎಲ್ಲಿದ್ದಾರೆ ಅಂತ ಹುಡುಕಿ ಅವರ ಫೋನ್ ರಿಂಗ್ ಆಗುವ ಹಾಗೆ ಮಾಡುವುದು ಒಂದು. ಅವರು ಎತ್ತಿದ ಮೇಲೆ ಇಬ್ಬರ ದನಿಯನ್ನೂ ಅತ್ತಿಂದಿತ್ತ ಹೊತ್ತು ತಲುಪಿಸುವುದು ಇನ್ನೊಂದು. ಮೊದಲನೆಯದು ದಾರಿ ತೋರಿಸುವ ಕೆಲಸ, ಎರಡನೆಯದು ಹೊರೆ ಹೊರುವ ಕೆಲಸ.

ಮಾತಾಡುವ ನಮಗೆ ಇವೆರಡೂ ಒಂದೇ ಅನ್ನಿಸುತ್ತದೆ. ಆದರೆ ಟೆಲಿಫೋನಿನ ಇತಿಹಾಸವನ್ನು ಈ ಎರಡು ಕೆಲಸ ಯಾರ ಕೈಯಲ್ಲಿತ್ತು ಅನ್ನುವುದರ ಮೇಲೇ ಬರೆಯಬಹುದು. ಹಳ್ಳಿಗಳಿಂದ ಸುದ್ದಿ ಕಳಿಸುವ ನಮ್ಮಂಥವರಿಗೆ ಇದು ಬರೀ ಯಂತ್ರದ ವಿಷಯ ಅಲ್ಲ. ಯಾರ ಮಾತು ಎಲ್ಲಿಗೆ ಮುಟ್ಟುತ್ತದೆ, ಯಾರದು ದಾರಿಯಲ್ಲೇ ನಿಲ್ಲುತ್ತದೆ ಅನ್ನುವ ವಿಷಯ.

ತಂತಿ ಚುಚ್ಚುವ ಮೇಜು

ಜಗತ್ತಿನ ಮೊದಲ ವ್ಯಾಪಾರಿ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಗಿದ್ದು 1878ರ ಜನವರಿಯಲ್ಲಿ, ಅಮೆರಿಕದ ನ್ಯೂ ಹೇವನ್ ಊರಿನಲ್ಲಿ. ಆಗ ಇದ್ದ ಗಿರಾಕಿಗಳು 21. ಭಾರತದಲ್ಲಿ 1882ರ ಜನವರಿ 28ರಂದು ಕೋಲ್ಕತ್ತದಲ್ಲಿ ಎಕ್ಸ್‌ಚೇಂಜ್ ತೆರೆಯಿತು.

ಆ ಕಾಲದ ಎಕ್ಸ್‌ಚೇಂಜ್ ಅಂದರೆ ಒಂದು ಮೇಜು, ಅದರ ತುಂಬ ತೂತು, ಕೈಯಲ್ಲಿ ತಂತಿ ಹಿಡಿದ ಆಪರೇಟರ್. ನೀವು ಫೋನ್ ಎತ್ತಿದರೆ ಆಪರೇಟರ್ ಮಾತಾಡಿಸುತ್ತಿದ್ದರು. ಯಾರು ಬೇಕು ಅಂತ ಹೇಳಿದರೆ ತಂತಿಯ ತುದಿಯನ್ನು ಆ ತೂತಿಗೆ ಚುಚ್ಚುತ್ತಿದ್ದರು. ದಾರಿ ತೋರಿಸುವುದೂ ಅವರೇ, ದನಿ ಹೋಗುವ ತಂತಿ ಇರುವುದೂ ಅವರ ಕೈಯಲ್ಲೇ. ಬೇಕೆಂದರೆ ಇಬ್ಬರ ಮಾತನ್ನು ಕೇಳಿಸಿಕೊಳ್ಳಲೂ ಬಹುದಿತ್ತು.

ನಮ್ಮ ಹಿರಿಯರಿಗೆ ಟ್ರಂಕ್ ಕಾಲ್ ನೆನಪಿರುತ್ತದೆ. ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರದ ಮೇಲೆ ಸರದಿ. ಯಾರ ಕರೆ ಮೊದಲು ಹೋಗಬೇಕು ಅನ್ನುವುದು ಮೇಜಿನ ಆ ಕಡೆ ತೀರ್ಮಾನವಾಗುತ್ತಿತ್ತು.

ಆಪರೇಟರ್ ಬೇಡ ಅಂದ ವ್ಯಾಪಾರಿ

ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬರಿದ್ದರು. ಸತ್ತವರ ಮನೆಯವರಿಗೆ ಅಂತ್ಯಸಂಸ್ಕಾರದ ಏರ್ಪಾಟು ಮಾಡಿಕೊಡುವುದು ಅವರ ವ್ಯಾಪಾರ. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಬೇಕಂತಲೇ ಎದುರಾಳಿ ವ್ಯಾಪಾರಿಗೆ ತಿರುಗಿಸುತ್ತಿದ್ದಾರೆ ಅನ್ನುವ ಅನುಮಾನ ಅವರಿಗೆ ಬಂತು ಅಂತ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, 1891ರ ಮಾರ್ಚ್‌ನಲ್ಲಿ ಅವರಿಗೆ ಆಪರೇಟರ್ ಇಲ್ಲದೆ ನಡೆಯುವ ಎಕ್ಸ್‌ಚೇಂಜ್‌ಗೆ ಪೇಟೆಂಟ್ ಸಿಕ್ಕಿದ್ದು ದಾಖಲೆಯಲ್ಲಿದೆ. ಮರುವರ್ಷವೇ ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಊರಿನಲ್ಲಿ ಅದು ಕೆಲಸ ಶುರುಮಾಡಿತು.

ದಾರಿ ತೋರಿಸುವ ಕೆಲಸ ಈಗ ಮನುಷ್ಯರ ಕೈಯಿಂದ ಯಂತ್ರಕ್ಕೆ ಹೋಯಿತು. ನೀವು ಡಯಲ್ ತಿರುಗಿಸಿದ ಒಂದೊಂದು ಅಂಕಿಗೂ ಯಂತ್ರದ ಕೈ ಒಂದೊಂದು ಮೆಟ್ಟಿಲು ಮೇಲೇರಿ, ಪಕ್ಕಕ್ಕೆ ಸರಿದು ಸರಿಯಾದ ತಂತಿಯನ್ನು ಮುಟ್ಟುತ್ತಿತ್ತು. ಭಾರತದಲ್ಲಿ ಮೊದಲ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ 1913ರಲ್ಲಿ ಶಿಮ್ಲಾಕ್ಕೆ ಬಂತು. ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಐಟಿಐ ಕಾರ್ಖಾನೆ ಶುರುವಾಗಿ ಇಂಥ ಸ್ಟ್ರೌಜರ್ ಯಂತ್ರಗಳನ್ನೂ ಫೋನುಗಳನ್ನೂ ಇಲ್ಲೇ ತಯಾರಿಸತೊಡಗಿತು. ದೂರವಾಣಿನಗರ ಅನ್ನುವ ಹೆಸರು ಬಂದಿದ್ದೇ ಆ ಕಾರ್ಖಾನೆಯಿಂದ.

ಆದರೆ ಈ ಯಂತ್ರಕ್ಕೆ ದೊಡ್ಡ ಹಾಲ್ ಬೇಕು, ದಿನವೂ ಒರೆಸಿ ಎಣ್ಣೆ ಹಾಕುವವರು ಬೇಕು. ಅದಕ್ಕೇ ಅದು ಪೇಟೆಯಲ್ಲೇ ಉಳಿಯಿತು. ಹಳ್ಳಿಯ ಪಾಲಿಗೆ ಕಾಯುವುದೇ ಉಳಿಯಿತು.

ಒಂದು ಪೀಪಿ ಕಲಿಸಿದ ಪಾಠ

ಅಮೆರಿಕದಲ್ಲಿ ದೂರದ ಕರೆಗಳ ತಂತಿಯಲ್ಲಿ ಒಂದು ಲೋಪ ಇತ್ತು. ದನಿ ಹೋಗುವ ತಂತಿಯಲ್ಲೇ ದಾರಿ ತೋರಿಸುವ ಸಂಕೇತಗಳೂ ಹೋಗುತ್ತಿದ್ದವು. ಲೈನ್ ಖಾಲಿ ಇದೆ ಅನ್ನುವುದಕ್ಕೆ ಸೆಕೆಂಡಿಗೆ 2600 ಕಂಪನದ ಒಂದು ಸಿಳ್ಳೆ ಸದ್ದು ಗುರುತು. ಮಕ್ಕಳ ತಿಂಡಿ ಪೊಟ್ಟಣದಲ್ಲಿ ಪುಕ್ಕಟೆ ಬರುತ್ತಿದ್ದ ಒಂದು ಪ್ಲಾಸ್ಟಿಕ್ ಪೀಪಿ ಸರಿಯಾಗಿ ಅದೇ ಸದ್ದು ಹೊರಡಿಸುತ್ತಿತ್ತು. ಇದು ಗೊತ್ತಾದ ಕೆಲವು ಹುಡುಗರು ಫೋನಿನ ಬಾಯಿಗೆ ಪೀಪಿ ಊದಿ, ಎಕ್ಸ್‌ಚೇಂಜ್ ಅನ್ನೇ ಯಾಮಾರಿಸಿ ಬಿಟ್ಟಿಯಾಗಿ ದೂರದೂರಿಗೆ ಮಾತಾಡಿದರು.

1976ರಿಂದ ಅಲ್ಲಿನ ಎಟಿ ಆ್ಯಂಡ್ ಟಿ ಕಂಪನಿ ಸಂಕೇತಗಳಿಗೆ ಬೇರೆಯೇ ದಾರಿ ಮಾಡತೊಡಗಿತು. ಬೇಗ ಲೈನ್ ಸಿಗಲಿ ಅನ್ನುವುದೂ ಅದರ ಉದ್ದೇಶ, ಮೋಸ ನಿಲ್ಲಲಿ ಅನ್ನುವುದೂ. ದಾರಿ ತೋರಿಸುವ ಕೆಲಸ ಒಂದು ಕಡೆ, ದನಿ ಹೊರುವ ಕೆಲಸ ಇನ್ನೊಂದು ಕಡೆ. ಇಂದಿನ ಇಂಟರ್ನೆಟ್ ಫೋನ್ ನಿಂತಿರುವುದು ಇದೇ ಪಾಠದ ಮೇಲೆ.

ಕಿತ್ತೂರಿಗೆ ಬಂದ ಪೆಟ್ಟಿಗೆ

1984ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ಸಿ-ಡಾಟ್ ಅನ್ನುವ ಸಂಸ್ಥೆ ಕಟ್ಟಿತು. ಹಿಂದೆ ನಿಂತವರು ಒಡಿಶಾದ ತಿತ್ಲಾಗಢದಲ್ಲಿ ಹುಟ್ಟಿ ಅಮೆರಿಕದಲ್ಲಿ ಎಕ್ಸ್‌ಚೇಂಜ್ ಕೆಲಸ ಕಲಿತ ಸ್ಯಾಮ್ ಪಿತ್ರೋಡಾ. ಭಾರತದ್ದೇ ಡಿಜಿಟಲ್ ಎಕ್ಸ್‌ಚೇಂಜ್ ತಯಾರಿಸಲು ಸಂಸ್ಥೆಗೆ ಕೊಟ್ಟ ಗಡುವು 36 ತಿಂಗಳು.

ಹೊರದೇಶದ ಡಿಜಿಟಲ್ ಎಕ್ಸ್‌ಚೇಂಜ್‌ಗಳಿಗೆ ಎಸಿ ಬೇಕಿತ್ತು. ನಮ್ಮ ಹಳ್ಳಿಯಲ್ಲಿ ಎಸಿ ಇರಲಿ, ಕರೆಂಟೇ ಸರಿಯಾಗಿ ಇರುತ್ತಿರಲಿಲ್ಲ. ಹಾಗಾಗಿ ಸಿ-ಡಾಟ್ ಎಂಜಿನಿಯರುಗಳು ಧೂಳು, ಸೆಕೆ ತಡೆದುಕೊಂಡು ಎಸಿ ಇಲ್ಲದೆ ನಡೆಯುವ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿದರು. ಅದರಲ್ಲಿ ಮೊದಲನೆಯದು 1986ರಲ್ಲಿ ಚಾಲೂ ಆಗಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ, ರಾಣಿ ಚೆನ್ನಮ್ಮನ ಊರಿನಲ್ಲಿ. ಮುಂದೆ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಹಬ್ಬಿದ್ದು ಇಂಥ ಎಕ್ಸ್‌ಚೇಂಜ್‌ಗಳ ಬಲದಿಂದ.

ಡಿಜಿಟಲ್ ಅಂದರೆ ಏನು? ದನಿಯನ್ನು ಅಂಕಿ ಮಾಡುವುದು. ಸೆಕೆಂಡಿಗೆ 8000 ಸಲ ದನಿಯ ಎತ್ತರ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆದರೆ ಸೆಕೆಂಡಿಗೆ 64,000 ಬಿಟ್ ಆಗುತ್ತದೆ. ದನಿ ಒಮ್ಮೆ ಅಂಕಿ ಆಯಿತು ಅಂದರೆ ಅದನ್ನು ಫೋನ್ ತಂತಿಯಲ್ಲೇ ಕಳಿಸಬೇಕು ಅಂತಿಲ್ಲ. ಅಂಕಿ ಹೋಗುವ ಯಾವ ದಾರಿಯಲ್ಲೂ ಕಳಿಸಬಹುದು.

ಲಗ್ನಪತ್ರಿಕೆಯ ಹಾಗೆ ಒಂದು ಕರೆ

1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡುವ ಸಾಫ್ಟ್‌ವೇರ್ ಮಾರಾಟಕ್ಕೆ ತಂತು. ಆಮೇಲೆ ಎಲ್ಲರೂ ಒಪ್ಪುವ ಎರಡು ನಿಯಮಾವಳಿ ಬಂದವು. ದನಿ ಹೊರುವುದಕ್ಕೆ 1996ರಲ್ಲಿ ಆರ್‌ಟಿಪಿ, ಕರೆ ಹೊಂದಿಸುವುದಕ್ಕೆ 1999ರಲ್ಲಿ ಸಿಪ್. ಎರಡರ ಕರಡಿನಲ್ಲೂ ಹೆನ್ನಿಂಗ್ ಶುಲ್ಜ್‌ರಿನ್ನೆ ಅನ್ನುವ ವಿಜ್ಞಾನಿಯ ಹೆಸರಿದೆ.

ಸಿಪ್ ಕೆಲಸ ಮಾಡುವ ರೀತಿ ನಮಗೆ ಹೊಸದಲ್ಲ. ಕರೆ ಮಾಡುವವರು ಮೊದಲು ಕಳಿಸುವ ಸಂದೇಶದ ಹೆಸರೇ ಇನ್‌ವೈಟ್, ಅಂದರೆ ಆಮಂತ್ರಣ. ಲಗ್ನಪತ್ರಿಕೆಯಲ್ಲಿ ಛತ್ರದ ವಿಳಾಸ ಇರುವ ಹಾಗೆ, ದನಿಯನ್ನು ಯಾವ ವಿಳಾಸಕ್ಕೆ ಕಳಿಸಬೇಕು ಅಂತ ಅದರೊಳಗೆ ಬರೆದಿರುತ್ತದೆ. ಆ ಕಡೆಯ ಫೋನ್ ರಿಂಗ್ ಆಗುತ್ತಿದೆ ಅಂತ ಒಂದು ಉತ್ತರ, ಎತ್ತಿದರು ಅಂತ ಇನ್ನೊಂದು ಉತ್ತರ. ಅಲ್ಲಿಂದ ಆರ್‌ಟಿಪಿ ಶುರು. ಸಾಮಾನ್ಯವಾಗಿ ದನಿಯನ್ನು ಸೆಕೆಂಡಿಗೆ 50 ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತಾರೆ.

ಒಂದು ತೊಡಕು ಇಲ್ಲಿದೆ. ಮನೆ, ಆಫೀಸು, ಮೊಬೈಲ್ ಕಂಪನಿಗಳಲ್ಲಿ ಹತ್ತಾರು, ಸಾವಿರಾರು ಫೋನುಗಳು ಹೊರಗಿನ ಒಂದೇ ಇಂಟರ್ನೆಟ್ ವಿಳಾಸದ ಹಿಂದೆ ಇರುತ್ತವೆ. ಒಳಗಿನ ವಿಳಾಸ ಒಳಗಿನವರಿಗೆ ಮಾತ್ರ ಗೊತ್ತು. ಫೋನ್ ಆಮಂತ್ರಣದಲ್ಲಿ ಆ ಒಳವಿಳಾಸ ಬರೆದರೆ ಹೊರಗಿನವರು ದನಿ ಕಳಿಸುವುದು ಎಲ್ಲಿಗೆ? ರಿಂಗ್ ಆಗುತ್ತದೆ, ಎತ್ತುತ್ತಾರೆ, ಒಬ್ಬರಿಗೆ ಮಾತು ಕೇಳಿಸುತ್ತದೆ, ಇನ್ನೊಬ್ಬರಿಗೆ ಇಲ್ಲ.

ಇದಕ್ಕೆ ಒಂದು ಉಪಾಯ, ಹೊರಗೆ ಎಲ್ಲರಿಗೂ ಕಾಣುವ ಜಾಗದಲ್ಲಿ ಸರ್ವರ್ ಇಟ್ಟು, ಇಬ್ಬರೂ ದನಿಯನ್ನು ಅಲ್ಲಿಗೇ ಕಳಿಸುವುದು. ಸರ್ವರ್ ಇವರಿಂದ ತೆಗೆದುಕೊಂಡು ಅವರಿಗೆ ಕೊಡುತ್ತದೆ. ಇದನ್ನೇ ಮೀಡಿಯಾ ರಿಲೇ ಅನ್ನುತ್ತಾರೆ. ಲಾಭದ ಜೊತೆ ಖರ್ಚೂ ಇದೆ. ವಿಳಾಸದ ಭಾರ ಸೇರಿ ಒಂದು ದನಿಗೆ ಸೆಕೆಂಡಿಗೆ ಸುಮಾರು 80,000 ಬಿಟ್ ಬೇಕು. ಒಂದೇ ಹೊತ್ತಿಗೆ 100 ಕರೆ ನಡೆದರೆ ಸರ್ವರಿಗೆ ಸುಮಾರು 16 ಎಂಬಿಪಿಎಸ್ ಒಳಕ್ಕೆ, ಅಷ್ಟೇ ಹೊರಕ್ಕೆ. ಬರೀ ದಾರಿ ತೋರಿಸುವ ಸರ್ವರಿಗೆ ಈ ಹೊರೆ ಇಲ್ಲ.

ದುಡ್ಡಿಲ್ಲದ ವಿದ್ಯಾರ್ಥಿ ಬರೆದ ಎಕ್ಸ್‌ಚೇಂಜ್

1999ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಮಾರ್ಕ್ ಸ್ಪೆನ್ಸರ್ ಅನ್ನುವ ಕಾಲೇಜು ವಿದ್ಯಾರ್ಥಿ ಒಂದು ಸಣ್ಣ ಕಂಪನಿ ನಡೆಸುತ್ತಿದ್ದರು. ಗಿರಾಕಿಗಳ ಕರೆ ಹಂಚಲು ಆಫೀಸ್ ಎಕ್ಸ್‌ಚೇಂಜ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ತಾವೇ ಕೂತು ಬರೆದರು, ಹೆಸರು ಆಸ್ಟೆರಿಸ್ಕ್. ಬರೆದದ್ದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟರು.

ಹಾಲ್ ತುಂಬುವ ಯಂತ್ರದ ಕೆಲಸ ಈಗ ಒಂದು ಸಾಮಾನ್ಯ ಕಂಪ್ಯೂಟರಿನಲ್ಲಿ, ಕೆಲವು ಸಾಲು ಬರಹದಲ್ಲಿ. ಆಸ್ಟೆರಿಸ್ಕ್‌ನ ಡಯಲ್‌ಪ್ಲಾನ್ ಅನ್ನುವ ಪಟ್ಟಿಯಲ್ಲಿ ದಾರಿ ಬರೆಯುತ್ತಾರೆ: 101 ಒತ್ತಿದರೆ ಈ ಫೋನಿಗೆ 20 ಸೆಕೆಂಡ್ ರಿಂಗ್ ಕೊಡು, ಎತ್ತದಿದ್ದರೆ ಸಂದೇಶ ರೆಕಾರ್ಡ್ ಮಾಡಿಕೋ, ಸೊನ್ನೆಯಿಂದ ಶುರುವಾದ ನಂಬರ್ ಇದ್ದರೆ ಹೊರಗಿನ ಲೈನಿಗೆ ಕಳಿಸು. ಇನ್ನೊಂದು ಕಡತದಲ್ಲಿ ದನಿಗೆ ತೆರೆದಿಡುವ ಬಾಗಿಲುಗಳ ಸಂಖ್ಯೆ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ 10000ದಿಂದ 20000ದವರೆಗೆ ಅಂತ ಬರೆದಿರುತ್ತದೆ. ದನಿ ಫೋನಿನಿಂದ ಫೋನಿಗೆ ನೇರ ಹೋಗಲೋ, ಸರ್ವರ್ ಮೂಲಕ ಹೋಗಲೋ ಅನ್ನುವುದು ಒಂದೇ ಸಾಲಿನ ಮಾತು.

ಆ ಪಟ್ಟಿಯನ್ನು ಹುಷಾರಾಗಿ ಬರೆಯದಿದ್ದರೆ ಕಳ್ಳರು ನುಗ್ಗುತ್ತಾರೆ. ಸಿಪ್‌ನ ಮಾಮೂಲಿ ಬಾಗಿಲು 5060 ತೆರೆದಿದೆಯೇ ಅಂತ ಸದಾ ತಟ್ಟಿ ನೋಡುವವರಿದ್ದಾರೆ. ಪಾಸ್‌ವರ್ಡ್ ಸಡಿಲ ಇದ್ದರೆ ನಿಮ್ಮ ಸರ್ವರಿನಿಂದ ಹೊರದೇಶಕ್ಕೆ ಕರೆ ಹೋಗುತ್ತವೆ, ಬಿಲ್ ನಿಮಗೆ ಬರುತ್ತದೆ. ಪೀಪಿ ಹೋದರೂ ಪೀಪಿ ಊದುವವರು ಹೋಗಿಲ್ಲ.

ಗೋಂಡಿಯಲ್ಲಿ ಹೇಳಿದ ಸುದ್ದಿ

ಇದೆಲ್ಲ ಹಳ್ಳಿಗೆ ಏನು ಕೊಟ್ಟಿತು ಅಂತ ಕೇಳಿದರೆ ನಾವು ಮೊದಲು ತೋರಿಸುವುದು ಛತ್ತೀಸಗಢವನ್ನು. ಬಿಬಿಸಿಯಲ್ಲಿ ಕೆಲಸ ಮಾಡಿದ್ದ ಪತ್ರಕರ್ತ ಶುಭ್ರಾಂಶು ಚೌಧರಿ ಮತ್ತು ಸಂಗಡಿಗರು 2010ರಲ್ಲಿ ಅಲ್ಲಿ ಸಿಜಿನೆಟ್ ಸ್ವರ ಶುರುಮಾಡಿದರು. ಓದು ಬರಹ ಬೇಡ, ಇಂಟರ್ನೆಟ್ ಬೇಡ, ಸಾದಾ ಮೊಬೈಲ್ ಸಾಕು. ಒಂದು ನಂಬರಿಗೆ ಕರೆ ಮಾಡಿ 1 ಒತ್ತಿದರೆ ನಿಮ್ಮ ಸುದ್ದಿ ಹೇಳಬಹುದು, 2 ಒತ್ತಿದರೆ ಬೇರೆಯವರದು ಕೇಳಬಹುದು. ಮುಂದೆ ಮಿಸ್ಡ್ ಕಾಲ್ ಕೊಟ್ಟರೆ ಸರ್ವರೇ ವಾಪಸ್ ಕರೆ ಮಾಡುವ ಏರ್ಪಾಟು ಬಂತು, ಬಡವರ ಕರೆನ್ಸಿ ಉಳಿಯಿತು. ಶುರುವಿನಲ್ಲಿ ಆ ಸರ್ವರ್ ಇದ್ದದ್ದು ನಮ್ಮ ಬೆಂಗಳೂರಿನಲ್ಲಿ.

ಕೂಲಿ ಬಂದಿಲ್ಲ, ರೇಷನ್ ಸಿಕ್ಕಿಲ್ಲ, ಬೋರ್‌ವೆಲ್ ಕೆಟ್ಟಿದೆ ಅನ್ನುವ ಮಾತನ್ನು ಜನ ತಮ್ಮ ದನಿಯಲ್ಲೇ ಹೇಳಿದರು, ಗೋಂಡಿ ಭಾಷೆಯಲ್ಲೂ ಹೇಳಿದರು. ಪೇಪರಿನಲ್ಲಿ ಜಾಗ ಸಿಗದ ಭಾಷೆಗೆ ಎಕ್ಸ್‌ಚೇಂಜ್‌ನಲ್ಲಿ ದಾರಿ ಸಿಕ್ಕಿತು. ಆದರೂ ಎಲ್ಲರಿಗೂ ಕೇಳಿಸುವ ಮುಂಚೆ ಸುದ್ದಿಯನ್ನು ಪರೀಕ್ಷಿಸುವವರು ಕೂತಿದ್ದರು. ಅದು ಬೇಕಾದದ್ದೇ, ಸುಳ್ಳು ಹಬ್ಬಬಾರದಲ್ಲ. ಆದರೆ ಒಂದು ಮಾತು ನೆನಪಿಡೋಣ: ಮೇಜಿನ ಮುಂದೆ ಮನುಷ್ಯರು ಮತ್ತೆ ಬಂದು ಕೂತರು. ಯಂತ್ರ ಎಷ್ಟು ಬದಲಾದರೂ ಆ ಕುರ್ಚಿ ಖಾಲಿ ಆಗಲಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಫೋನ್

ಭಾರತದಲ್ಲಿ ಇಂಟರ್ನೆಟ್ ಫೋನ್‌ಗೆ 2002ರ ಏಪ್ರಿಲ್ 1ರಿಂದ ಅನುಮತಿ ಸಿಕ್ಕಿತು. ಆದರೆ ಅದನ್ನು ದೇಶದೊಳಗಿನ ಮಾಮೂಲಿ ಫೋನಿಗೆ ಜೋಡಿಸುವಂತಿರಲಿಲ್ಲ. ಲೈಸೆನ್ಸ್ ಇರುವ ಕಂಪನಿಗಳಿಗೆ ಆ ದಾರಿ ತೆರೆದದ್ದು 2018ರಲ್ಲಿ. ಅಷ್ಟರೊಳಗೆ 2016ರಲ್ಲಿ ಜಿಯೊ ಬಂದಿತ್ತು. ವೋಲ್ಟಿ ಕರೆ ನಡೆಯುವುದೇ ಸಿಪ್ ಮತ್ತು ಆರ್‌ಟಿಪಿ ಮೇಲೆ. ವಾಟ್ಸ್‌ಆ್ಯಪ್ ಕರೆಯಲ್ಲೂ ದನಿ ಕೆಲವೊಮ್ಮೆ ನೇರ ಹೋಗುತ್ತದೆ, ಕೆಲವೊಮ್ಮೆ ಕಂಪನಿಯ ಸರ್ವರ್ ಮೂಲಕ. 2023ರಿಂದ ಅದರ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಕರೆಯ ವೇಳೆ ಐಪಿ ವಿಳಾಸ ಮರೆಮಾಡುವ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಇಬ್ಬರೇ ಮಾತಾಡುವ ಕರೆಯೂ ಸರ್ವರ್ ಸುತ್ತಿ ಹೋಗುತ್ತದೆ. ವಿಳಾಸ ಎದುರಿನವರಿಗೆ ತಿಳಿಯುವುದಿಲ್ಲ, ದನಿ ಸ್ವಲ್ಪ ಮಂಕಾಗಬಹುದು.

ಇನ್ನು ನಮ್ಮ ಸುತ್ತ ಸಹಾಯವಾಣಿಗಳಿವೆ. ಬೆಳೆ ಮಾಹಿತಿಗೆ 1 ಒತ್ತಿ, ದೂರಿಗೆ 2 ಒತ್ತಿ ಅನ್ನುವ ದನಿ ದಿನಾ ಕೇಳುತ್ತೇವೆ. ಅದರ ಹಿಂದೆಯೂ ಇಂಥದ್ದೇ ಒಂದು ಪಟ್ಟಿ ಇರುತ್ತದೆ. ನಿಮ್ಮ ಪಂಚಾಯ್ತಿಯೋ ಸಂಘವೋ ಹೊಸ ಸಹಾಯವಾಣಿ ಮಾಡುತ್ತೇವೆ ಅಂದರೆ ಮೂರು ಪ್ರಶ್ನೆ ಕೇಳಿ. ದಾರಿಯ ಪಟ್ಟಿ ಬರೆಯುವವರು ಯಾರು? 2 ಒತ್ತಿದ ಕರೆ ಕೊನೆಗೆ ಯಾವ ಮನುಷ್ಯರ ಮೇಜಿಗೆ ಮುಟ್ಟುತ್ತದೆ? ನಮ್ಮ ದನಿ ರೆಕಾರ್ಡ್ ಆದರೆ ಅದು ಎಲ್ಲಿರುತ್ತದೆ, ಯಾರು ಕೇಳಬಹುದು?

ಹಿಂದೆ ಈ ಪ್ರಶ್ನೆ ಕೇಳಿ ಪ್ರಯೋಜನ ಇರಲಿಲ್ಲ, ಎಕ್ಸ್‌ಚೇಂಜ್ ಇದ್ದದ್ದು ದೂರದ ಪೇಟೆಯಲ್ಲಿ. ಈಗ ಅದು ತಾಲೂಕಿನ ಕಂಪ್ಯೂಟರ್ ಕಲಿತ ಹುಡುಗಿಯೂ ಬರೆಯಬಹುದಾದ ನಾಲ್ಕು ಸಾಲು. ಉತ್ತರ ಕೊಡಲು ಆಗದ ಸಹಾಯವಾಣಿಯನ್ನು ಒಪ್ಪಿಕೊಳ್ಳಬೇಕಾಗಿಲ್ಲ.